ಬಾಗಿಲಲ್ಲಿ ನಿಂತವನ ಮಾತು

ಮನೆಯ ಬಾಗಿಲಿಗೆ ಬಂದು ಸರಕು ಮಾರುವವನನ್ನು ನಾವು ಯಾರೂ ಅಷ್ಟಾಗಿ ಆದರಿಸುವುದಿಲ್ಲ. ಅವನು ಗಂಟೆ ಬಾರಿಸಿದ ಕ್ಷಣದಲ್ಲಿಯೇ ನಮಗೆ ಎಲ್ಲಿಲ್ಲದ ಕೆಲಸಗಳು ನೆನಪಾಗುತ್ತವೆ. ಬಾಗಿಲನ್ನು ಅರ್ಧ ತೆರೆದು, ಮಾತನ್ನು ಅರ್ಧ ಕೇಳಿ, “ಬೇಡಪ್ಪಾ” ಎಂದು ಮುಚ್ಚಿಬಿಡುತ್ತೇವೆ. ನಾನೂ ಹಾಗೆಯೇ ಮಾಡುತ್ತಿದ್ದವನು. ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಡೆದ ಸಣ್ಣ ಸಂಗತಿಯೊಂದು, ಬಾಗಿಲ ಆಚೆ ನಿಂತವನ ಕಡೆಯಿಂದಲೂ ಯೋಚಿಸುವಂತೆ ನನ್ನನ್ನು ಮಾಡಿತು.

ವೈಟ್‌ಫೀಲ್ಡಿನಲ್ಲಿರುವ ಮಗಳ ಮನೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ನೀರು ಶುದ್ಧಿಮಾಡುವ ಯಂತ್ರದ ಕಂಪೆನಿಯಿಂದ ಒಬ್ಬರು ಬರುವರೆಂದು ಅವಳು ಮೊದಲೇ ಹೇಳಿದ್ದಳು. ಬಂದವನು ಇಪ್ಪತ್ತೈದರ ಆಸುಪಾಸಿನ ತರುಣ. ಬೆವರಿಗೆ ಅಂಟಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಭಾರವಾದ ಚೀಲ. ನನ್ನನ್ನು ಕಂಡೊಡನೆ ಚೀಲವನ್ನು ಕೆಳಗಿಟ್ಟು, “ಮೇಷ್ಟ್ರೇ, ನೀವು ಇಲ್ಲಿ?” ಎಂದ. ಹತ್ತು ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗ; ಲೆಕ್ಕದಲ್ಲಿ ಹಿಂದೆ, ಭಾಷಣ ಸ್ಪರ್ಧೆಯಲ್ಲಿ ಮಾತ್ರ ಸದಾ ಮುಂದೆ.

ಆ ವಾಕ್ಪಟುತ್ವ ಮಾಸಿರಲಿಲ್ಲ. ಯಂತ್ರವನ್ನು ಬಿಚ್ಚಿ ತೋರಿಸಿದ, ನೀರು ಎಲ್ಲಿ ಸೋಸುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ವಿವರಿಸಿದ. ಕೊನೆಗೆ, “ಒಂದು ವರ್ಷವಾದ ಮೇಲೆ ಫಿಲ್ಟರನ್ನು ನಾವೇ ಬಂದು ಉಚಿತವಾಗಿ ಬದಲಾಯಿಸುತ್ತೇವೆ ಮೇಡಂ” ಎಂದ. ಮಗಳು ತನ್ನ ಫೋನನ್ನು ಅವನ ಮುಂದೆ ಹಿಡಿದಳು. ಆ ಅನುಕೂಲ ಆ ತಿಂಗಳ ಮೊದಲ ತಾರೀಖಿನಿಂದಲೇ ರದ್ದಾಗಿದೆಯೆಂದು ಅವನ ಕಂಪೆನಿಯೇ ಪ್ರಕಟಿಸಿತ್ತು. ಹುಡುಗನ ಮುಖ ಬಿಳಿಚಿಕೊಂಡಿತು. ಹೊರಗೆ ಹೋಗಿ ತನ್ನ ಮೇಲಧಿಕಾರಿಗೆ ಫೋನು ಮಾಡಿ ಬಂದ. ಹೌದಂತೆ, ಹೇಳುವುದು ಮರೆತುಹೋಗಿತ್ತಂತೆ.

ಯಂತ್ರ ಮಾರಾಟವಾಗಲಿಲ್ಲ. ಹೊರಡುವಾಗ ನನ್ನ ಬಳಿ ನಿಂತು ತಗ್ಗಿದ ದನಿಯಲ್ಲಿ, “ನಾನು ಸುಳ್ಳು ಹೇಳಲಿಲ್ಲ ಮೇಷ್ಟ್ರೇ, ನನಗೆ ಗೊತ್ತಿರಲಿಲ್ಲ” ಎಂದ. ಅವನ ಮಾತನ್ನು ನಾನು ನಂಬಿದೆ. ಆದರೆ ಗಿರಾಕಿಗೆ ಈ ಎರಡರ ಭೇದ ಹೇಗೆ ತಿಳಿಯಬೇಕು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತದೆ ಗಾದೆ. ಆ ಮಧ್ಯಾಹ್ನ ಕಂಪೆನಿಯ ಮಾತು ಒಡೆದಿತ್ತು. ಚೂರುಗಳನ್ನು ಆರಿಸಿಕೊಂಡು ಹೋದವನು ಮಾತ್ರ ಆ ಹುಡುಗ.

ಬಳೆಗಾರನೂ ಗಳಗನಾಥರೂ

ಬಾಗಿಲಿಗೆ ಬಂದು ಮಾರುವುದು ನಮ್ಮ ನಾಡಿಗೆ ಹೊಸ ಕಸುಬೇನೂ ಅಲ್ಲ. ಬಳೆಗಾರನಿಗೆ ನಮ್ಮ ಜನಪದ ಹಾಡುಗಳಲ್ಲಿ ದೊರೆತ ಗೌರವದ ಸ್ಥಾನ ಅಂಗಡಿಯ ಗದ್ದುಗೆಯಲ್ಲಿ ಕುಳಿತ ಸಾಹುಕಾರನಿಗೆ ದೊರೆತಿಲ್ಲ. ಬಳೆಗಾರ ಚೆನ್ನಯ್ಯನಂತೂ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ೧೯೪೨ರಲ್ಲಿ ಬೆಳಕು ಕಂಡಂದಿನಿಂದ ಕನ್ನಡಿಗರ ಮನೆಯವನೇ ಆಗಿಬಿಟ್ಟಿದ್ದಾನೆ. ಈ ಆದರಕ್ಕೆ ಕಾರಣ ಬರಿಯ ಬಳೆಯಲ್ಲ. ತವರಿನ ಸುದ್ದಿಯನ್ನು ಗಂಡನ ಮನೆಗೂ, ಗಂಡನ ಮನೆಯ ಸುದ್ದಿಯನ್ನು ತವರಿಗೂ ಮುಟ್ಟಿಸುವ ಬಳೆಗಾರ ಯಾವ ಮನೆಯ ಕೈಗೆ ಯಾವ ಅಳತೆಯ ಬಳೆ ಹಿಡಿಸುತ್ತದೆಂಬುದನ್ನೂ ಬಲ್ಲವನು. ತಿಳಿದವನು ಎಂಬ ಕಾರಣಕ್ಕೇ ಅವನಿಗೆ ಜಗಲಿಯ ಮೇಲೆ ಚಾಪೆ ಹಾಸುತ್ತಿದ್ದರು.

ಅದೇ ೧೯೪೨ರಲ್ಲಿ ನಮ್ಮನ್ನು ಅಗಲಿದ ಗಳಗನಾಥರನ್ನು ಇಲ್ಲಿ ನೆನೆಯಬೇಕು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಹೆಸರಿನ ಈ ಶಾಲಾ ಮಾಸ್ತರರು ಹಾವೇರಿ ಸೀಮೆಯವರು. ‘ಮಾಧವ ಕರುಣಾ ವಿಲಾಸ’ದಂತಹ ಕಾದಂಬರಿಗಳನ್ನು ಬರೆದವರು. ಬರೆದು ಮುಗಿಸಿದರೆ ಅವರ ಕೆಲಸ ಮುಗಿಯುತ್ತಿರಲಿಲ್ಲ. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರಿಂದ ಊರಿಗೆ ನಡೆದು, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು. ಕನ್ನಡಕ್ಕೆ ಓದುಗರನ್ನು ಸಂಪಾದಿಸಿಕೊಟ್ಟವರಲ್ಲಿ ಅವರು ಅಗ್ರಗಣ್ಯರೆಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಅವರ ಕಷ್ಟವನ್ನು ನಾವು ಕೊಂಡಾಡುತ್ತೇವೆ. ಅವರಿಗಿದ್ದ ಒಂದು ಅನುಕೂಲವನ್ನು ಮರೆಯುತ್ತೇವೆ. ಸರಕನ್ನು ಮಾಡಿದವರೂ ಅವರೇ, ಹೊತ್ತವರೂ ಅವರೇ, ಮಾರಿದವರೂ ಅವರೇ. ಯಾರಾದರೂ “ಈ ಪುಸ್ತಕದಲ್ಲಿ ಏನಿದೆ, ಮಾಸ್ತರರೆ?” ಎಂದರೆ ಉತ್ತರಕ್ಕಾಗಿ ಅವರು ಬೇರೆಯವರ ಅಪ್ಪಣೆಗೆ ಕಾಯಬೇಕಾಗಿರಲಿಲ್ಲ. ಇಂದು ಮಾಡುವವನು ಒಂದು ಕಡೆ, ಬೆಲೆ ಕಟ್ಟುವವನು ಇನ್ನೊಂದು ಕಡೆ, ಬಾಗಿಲಲ್ಲಿ ನಿಲ್ಲುವವನು ಮತ್ತೊಂದು ಕಡೆ. ಈ ಮೂವರ ನಡುವಣ ದೂರವನ್ನು ತುಂಬುವ ಕೆಲಸವೇ ಮಾರಾಟ ಪಡೆಯನ್ನು ನಡೆಸುವ ಕೆಲಸ. ಸುದ್ದಿ ಕೊಡುವುದು, ಕಲಿಸುವುದು, ಹುರಿದುಂಬಿಸುವುದು ಎಂದು ಅದನ್ನು ಮೂರಾಗಿ ವಿಂಗಡಿಸುತ್ತಾರೆ. ಮೂರೂ ಒಂದೇ ಬೇರಿನ ಕವಲುಗಳೆಂದು ನನಗೆ ತೋರುತ್ತದೆ.

ಡೇಟನ್ ಪಟ್ಟಣದ ಪಾಠ

ಈ ದೂರವನ್ನು ಮೊದಲು ಕ್ರಮವಾಗಿ ತುಂಬಲು ಹೊರಟವರಲ್ಲಿ ಒಬ್ಬನು ಅಮೆರಿಕದ ಓಹಾಯೊ ಸಂಸ್ಥಾನದ ಡೇಟನ್ ಪಟ್ಟಣದ ಜಾನ್ ಪ್ಯಾಟರ್‌ಸನ್. ಅಂಗಡಿಯ ಗಲ್ಲಾಪೆಟ್ಟಿಗೆಗೆ ಲೆಕ್ಕದ ಯಂತ್ರವನ್ನು ಜೋಡಿಸಿದ ಕ್ಯಾಷ್ ರಿಜಿಸ್ಟರಿನ ಉದ್ಯಮವನ್ನು ಅವನು ೧೮೮೪ರಲ್ಲಿ ಕೊಂಡ. ಯಂತ್ರ ಯಾರಿಗೂ ಬೇಕಾಗಿರಲಿಲ್ಲ. ಅಂಗಡಿಯ ಗುಮಾಸ್ತರಿಗಂತೂ ಅದು ತಮ್ಮ ಮೇಲಿಟ್ಟ ಕಾವಲು ಎಂಬ ಕೋಪ. ಹೀಗಿದ್ದರೂ ಅವನ ಭಾವಮೈದುನ ಜೋಸೆಫ್ ಕ್ರೇನ್ ಎಂಬವನು ಮಾತ್ರ ಹೋದಲ್ಲೆಲ್ಲ ಮಾರಿ ಬರುತ್ತಿದ್ದ. ಗುಟ್ಟೇನೆಂದು ಕೇಳಿದರೆ, ತಾನು ಪ್ರತಿಯೊಬ್ಬ ಗಿರಾಕಿಗೂ ಒಂದೇ ಮಾತನ್ನು ಒಂದೇ ಕ್ರಮದಲ್ಲಿ ಹೇಳುವೆನೆಂದ. ಅದನ್ನೇ ಬರೆಸಿ, ಅಚ್ಚುಹಾಕಿಸಿ, ೧೮೮೭ರಲ್ಲಿ ಪ್ಯಾಟರ್‌ಸನ್ ಎಲ್ಲ ಪ್ರತಿನಿಧಿಗಳ ಕೈಗೆ ಕೊಟ್ಟ. ಮಾರಾಟಗಾರರ ಬಾಲಬೋಧೆಯೆನ್ನಬಹುದಾದ ಪುಸ್ತಿಕೆ ಅದು. ಮುಂದಿನ ದಶಕದಲ್ಲಿ ಅವರಿಗಾಗಿ ಒಂದು ಶಾಲೆಯನ್ನೂ ತೆರೆದ. ಒಬ್ಬೊಬ್ಬನಿಗೆ ಒಂದೊಂದು ಸೀಮೆಯನ್ನು ಗೊತ್ತುಮಾಡಿ, ಆ ಸೀಮೆಯಲ್ಲಿ ಯಾರು ಮಾರಿದರೂ ಕಮಿಷನ್ ಅವನಿಗೇ ಸಲ್ಲಬೇಕೆಂದು ಕಟ್ಟಳೆ ಮಾಡಿದ. ತಮ್ಮತಮ್ಮಲ್ಲಿಯೇ ಕಚ್ಚಾಡುತ್ತಿದ್ದ ಪ್ರತಿನಿಧಿಗಳು ಒಂದು ಪಡೆಯಾದದ್ದು ಹೀಗೆ.

ಆದರೆ ಇದೇ ಪ್ಯಾಟರ್‌ಸನ್ ಮುಂಗೋಪಿ. ತನ್ನ ಕೈಯಾರೆ ಬೆಳೆಸಿದವರನ್ನು ಕ್ಷಣಮಾತ್ರದಲ್ಲಿ ಹೊರಗೆ ಹಾಕುತ್ತಿದ್ದ. ಹಾಗೆ ಹೊರಬಿದ್ದವರಲ್ಲಿ ಥಾಮಸ್ ವಾಟ್ಸನ್ ಒಬ್ಬ. ೧೯೧೪ರಲ್ಲಿ ಅವನು ಬೇರೊಂದು ಸಣ್ಣ ಸಂಸ್ಥೆಯನ್ನು ಸೇರಿ, ಡೇಟನ್ನಿನಲ್ಲಿ ಕಲಿತ ವಿದ್ಯೆಯನ್ನೆಲ್ಲ ಅಲ್ಲಿ ಧಾರೆಯೆರೆದ. ೧೯೨೪ರಲ್ಲಿ ಆ ಸಂಸ್ಥೆ ಐಬಿಎಂ ಎಂಬ ಹೆಸರು ತಳೆಯಿತು. ಇಂದು ಬೆಂಗಳೂರಿನ ಸಾವಿರಾರು ಮನೆಗಳ ಅನ್ನಕ್ಕೆ ಆ ಹೆಸರಿನ ಋಣವುಂಟು. ಕಲಿಸುವುದನ್ನು ಬಲ್ಲವನು ಉಳಿಸಿಕೊಳ್ಳುವುದನ್ನು ಅರಿಯದಿದ್ದರೆ ಫಲ ಬೇರೆಯವರ ಹಿತ್ತಿಲಲ್ಲಿ ಬಿಡುತ್ತದೆ.

ಮೂರು ದಿಕ್ಕು, ಮೂರು ಬಾಗಿಲು

ಒಂದೇ ಮಾತನ್ನು ಎಲ್ಲರಿಗೂ ಹೇಳುವ ಕ್ರೇನನ ಸೂತ್ರ ನಮ್ಮ ಊರಿನ ಅಂಚುಗಳಲ್ಲಿ ಎಷ್ಟು ಸಲ್ಲುತ್ತದೆ? ಪ್ರಾದೇಶಿಕ ಪಡೆಯೊಂದು ಬೆಂಗಳೂರಿನ ಹೊರವಲಯವನ್ನು ಹಂಚಿಕೊಂಡಿದೆಯೆಂದು ಭಾವಿಸಿರಿ. ವಾಯವ್ಯಕ್ಕೆ ಪೀಣ್ಯ, ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ.

ಪೀಣ್ಯದಲ್ಲಿ ಕೊರೆಯುವ ಬಿಟ್ಟನ್ನೋ ಲೇತಿನ ಎಣ್ಣೆಯನ್ನೋ ಮಾರಲು ಹೋದವನಿಗೆ ಎದುರಾಗುವವನು ಮೂವತ್ತು ವರ್ಷ ಲೋಹದೊಡನೆ ಬಾಳಿದ ಫೋರ್‌ಮನ್. ಅವನು ಬಣ್ಣದ ಚಿತ್ರಗಳನ್ನು ನೋಡುವುದಿಲ್ಲ. ಯಾವ ಉಕ್ಕಿಗೆ, ಎಷ್ಟು ವೇಗಕ್ಕೆ, ಮೊನೆ ಮೊಂಡಾಗುವ ಮುನ್ನ ಎಷ್ಟು ಪೀಸ್ ಬರುತ್ತದೆ, ಅಷ್ಟನ್ನು ಹೇಳು ಎನ್ನುತ್ತಾನೆ. ಅಲ್ಲಿ ಮಾರುವವನಿಗಿಂತ ಕೊಳ್ಳುವವನೇ ಹೆಚ್ಚು ಬಲ್ಲವನು. ‘ನನಗೆ ತಿಳಿಯದು, ನಾಳೆ ಕೇಳಿಕೊಂಡು ಬರುತ್ತೇನೆ’ ಎಂದು ಧೈರ್ಯವಾಗಿ ಹೇಳುವುದೂ, ಹೇಳಿದಂತೆ ಬರುವುದೂ ಅಲ್ಲಿ ದೊಡ್ಡ ವಿದ್ಯೆ.

ಆಂಗ್ಲೋ ಇಂಡಿಯನ್ನರ ನೆಲೆಯಾಗಿ ೧೮೮೨ರಲ್ಲಿ ಹುಟ್ಟಿದ ವೈಟ್‌ಫೀಲ್ಡ್ ಇಂದು ಬಹುಮಹಡಿಯ ಮನೆಗಳ ಊರು. ಅಲ್ಲಿ ಮೊದಲ ಗಿರಾಕಿ ಗೇಟಿನ ಕಾವಲುಗಾರ. ಅವನನ್ನು ದಾಟಿ ಒಳಗೆ ಹೋದರೆ ಒಂದು ಬಾಗಿಲಲ್ಲಿ ಕನ್ನಡ, ಪಕ್ಕದಲ್ಲಿ ತೆಲುಗು, ಎದುರಿನಲ್ಲಿ ಹಿಂದಿ. ಕೈಯಲ್ಲಿ ಫೋನು ಹಿಡಿದ ಗೃಹಿಣಿಗೆ ಹತ್ತು ಅಂಗಡಿಗಳ ಬೆಲೆ ಕ್ಷಣದಲ್ಲಿ ತಿಳಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯದು ಇನ್ನೊಂದು ಬಗೆ. ಆರ್. ಕೆ. ಬಾಳಿಗರ ಕನಸಿನಂತೆ ೧೯೭೦ರ ದಶಕದ ಕೊನೆಗೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಬಿತ್ತಿದ ಊರು ಅದು. ಅಲ್ಲಿ ಕಚೇರಿಗಳಿಗೆ ಮಾರಬೇಕಾದರೆ ಒಪ್ಪುವವನೊಬ್ಬ, ಹಣ ಕೊಡುವವನೊಬ್ಬ, ಬಳಸುವವನು ಇನ್ನೊಬ್ಬ.

ಮೂರು ಬಾಗಿಲಿಗೂ ಮುಖ್ಯ ಕಚೇರಿಯಿಂದ ಒಂದೇ ಇಂಗ್ಲಿಷ್ ಸುತ್ತೋಲೆ ಬಂದರೆ ಸಾಲದು. ಬೆಲೆ, ಷರತ್ತು, ಖಾತರಿಗಳು ಎಲ್ಲೆಡೆಯೂ ಒಂದೇ ಇರಬೇಕು. ಇಲ್ಲಿ ಕ್ರೇನನೇ ಸರಿ. ಅವನ್ನು ವಿವರಿಸುವ ಬಗೆ ಮಾತ್ರ ಆಯಾ ಬಾಗಿಲಿಗೆ ತಕ್ಕಂತೆ ಇರಬೇಕು. ಇಲ್ಲಿ ನಮ್ಮ ಬಳೆಗಾರನೇ ಗುರು. ಬೆಲೆ ಬದಲಾದ ಸುದ್ದಿ ಗಿರಾಕಿಯ ಫೋನಿಗಿಂತ ಒಂದು ದಿನ ಮೊದಲು ಮಾರುವವನ ಕಿವಿಗೆ, ಅವನಾಡುವ ನುಡಿಯಲ್ಲಿ, ಮುಟ್ಟಬೇಕು. ಇದಕ್ಕೆ ಬೇಕಾದದ್ದು ಹಣವಲ್ಲ, ನೆನಪು.

ಕೂಡಿ ಕುಳಿತು ಮಾತಾಡುವುದಕ್ಕೂ ಈಗ ದಾರಿಯಿದೆ. ಪೀಣ್ಯಕ್ಕೆ ಮೆಟ್ರೋ ರೈಲಿನ ಹಸಿರು ಮಾರ್ಗ ೨೦೧೪ರಲ್ಲಿಯೇ ಬಂತು. ನೇರಳೆ ಮಾರ್ಗ ೨೦೨೩ರಲ್ಲಿ ವೈಟ್‌ಫೀಲ್ಡನ್ನು ಮುಟ್ಟಿತು. ೨೦೨೫ರ ಆಗಸ್ಟಿನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಯನ್ನು ಹಾದು ಬೊಮ್ಮಸಂದ್ರಕ್ಕೆ ಹೋಯಿತು. ವಾರಕ್ಕೊಮ್ಮೆ ಮೂರು ದಿಕ್ಕಿನವರೂ ಮೆಜೆಸ್ಟಿಕ್ಕಿನಲ್ಲಿ ಸೇರಬಹುದು. ಪೀಣ್ಯದಿಂದ ಬರುವವರಿಗೆ ದಾರಿಯಲ್ಲಿ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ಎಂಬ ನಿಲ್ದಾಣ ಸಿಗುತ್ತದೆ. ಒಂದು ಸರಕಿನ ಹೆಸರು ರೈಲು ನಿಲ್ದಾಣಕ್ಕೆ ದೊರೆಯಬೇಕಾದರೆ ಅದರ ಹಿಂದೆ ಎಷ್ಟು ವರ್ಷಗಳ ನಂಬಿಕೆ ಇರಬೇಕು! ೧೯೧೬ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ, ೧೯೧೮ರಲ್ಲಿ ಸಾಬೂನು. ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಕಲಿತು ಬಂದು ಅದನ್ನು ತಯಾರಿಸಿದರು. ಒಡವೆಯ ಪೆಟ್ಟಿಗೆಯನ್ನು ನೆನಪಿಗೆ ತರುವ ಡಬ್ಬಿಯಲ್ಲಿಟ್ಟರು. ಮಾಡುವವನೇ ಅರ್ಧ ಮಾತನ್ನು ಸರಕಿನಲ್ಲಿ ಆಡಿಟ್ಟಿದ್ದರೆ ಬಾಗಿಲಲ್ಲಿ ನಿಂತವನಿಗೆ ಉಳಿದರ್ಧ ಸುಲಭ.

ಹುರುಪು ಎಲ್ಲಿಂದ?

ಮಾರಾಟಗಾರರ ಉತ್ಸಾಹವೆಂದರೆ ಚಪ್ಪಾಳೆ, ಬಹುಮಾನ, ವರ್ಷಕ್ಕೊಂದು ಪ್ರವಾಸ ಎಂಬ ಭಾವನೆ ಬಲವಾಗಿದೆ. ಇವು ಬೇಡವೆನ್ನಲಾರೆ. ಬೆಳಗಿನ ಬೋಣಿಯೇ ಆಗದೆ ಮಧ್ಯಾಹ್ನವಾದವನ ಸಂಕಟ ಕಚೇರಿಯಲ್ಲಿ ಟಾರ್ಗೆಟ್ ಬರೆಯುವವರಿಗೆ ತಿಳಿಯದು. ಅವನಿಗೆ ಒಂದು ಒಳ್ಳೆಯ ಮಾತೂ ದೊಡ್ಡದೇ. ಆದರೆ ನನ್ನ ಶಿಷ್ಯನ ಉತ್ಸಾಹ ಆ ದಿನ ಕುಗ್ಗಿದ್ದು ಬಹುಮಾನವಿಲ್ಲದೆ ಅಲ್ಲ. ತನ್ನ ಮಾತಿಗೆ ಬೆಂಬಲವಾಗಿ ಹಿಂದೆ ಯಾರೂ ನಿಂತಿಲ್ಲವೆಂಬುದು ಅವನಿಗೆ ತನ್ನ ಮೇಷ್ಟ್ರ ಮುಂದೆಯೇ ಗೊತ್ತಾಯಿತು. ತಿಳಿವಳಿಕೆಯನ್ನು ಕೊಡದೆ ಹುರುಪನ್ನು ಮಾತ್ರ ತುಂಬಿ ಕಳುಹಿಸಿದರೆ ಹುಡುಗರು ಇನ್ನೂ ಗಟ್ಟಿಯಾಗಿ ತಪ್ಪು ಹೇಳುತ್ತಾರೆ, ಅಷ್ಟೆ.

ಕಾನೂನೂ ಇದನ್ನು ಮನಗಂಡಿದೆ. ೨೦೨೧ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಗ್ರಾಹಕ ಸಂರಕ್ಷಣೆಯ ನೇರ ಮಾರಾಟ ನಿಯಮಗಳನ್ನು ಹೊರಡಿಸಿತು. ಗುರುತಿನ ಚೀಟಿಯೂ ಮುಂಚಿತ ಒಪ್ಪಿಗೆಯೂ ಇಲ್ಲದೆ ನೇರ ಮಾರಾಟಗಾರನು ಮನೆಗೆ ಹೋಗಕೂಡದು. ಬೆಲೆ, ಹಿಂತಿರುಗಿಸುವ ಷರತ್ತು, ಖಾತರಿ, ಮಾರಾಟದ ನಂತರದ ಸೇವೆ ಇವುಗಳನ್ನು ಸರಿಯಾಗಿ, ಪೂರ್ಣವಾಗಿ ತಿಳಿಸಬೇಕು. ಸಂಸ್ಥೆ ಒಪ್ಪದ ಯಾವ ಬರಹವನ್ನೂ ಗಿರಾಕಿಗೆ ಕೊಡಬಾರದು. ಇದೆಲ್ಲ ನ್ಯಾಯವೇ. ಆದರೆ ಪೂರ್ಣವಾಗಿ ತಿಳಿಸಬೇಕಾದವನಿಗೆ ಮೊದಲು ಪೂರ್ಣವಾಗಿ ತಿಳಿಸಿರಬೇಕಲ್ಲವೆ?

ಸುದ್ದಿ ಮೇಲಿನಿಂದ ಕೆಳಗೆ ಇಳಿದರೆ ಮಾತ್ರ ಸಾಲದು. ಕೆಳಗಿನಿಂದ ಮೇಲಕ್ಕೂ ಏರಬೇಕು. ಜನ ಯಾವ ಪ್ರಶ್ನೆ ಕೇಳಿದರು, ಯಾವ ಮಾತಿಗೆ ನಕ್ಕರು, ಯಾವ ಭಾಗ ಮೊದಲು ಕೆಟ್ಟಿತು ಎಂಬುದನ್ನು ಬಾಗಿಲಲ್ಲಿ ನಿಂತವನಷ್ಟು ಚೆನ್ನಾಗಿ ಬಲ್ಲವರಿಲ್ಲ. ಅದನ್ನು ಕೇಳುವ ಒಬ್ಬ ಮೇಲಧಿಕಾರಿ ಸಿಕ್ಕರೆ ಅದೇ ಅವನಿಗೆ ಬಹುಮಾನ.

ಎರಡು ತಿಂಗಳ ಮೇಲೆ ಆ ಹುಡುಗ ಮತ್ತೆ ಬಂದಿದ್ದ, ಚೀಲವಿಲ್ಲದೆ, ನನ್ನನ್ನು ನೋಡಲೆಂದೇ. ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ತೋರಿಸಿದ. ಅಂದಂದು ಗಿರಾಕಿಗಳು ಕೇಳಿದ ಪ್ರಶ್ನೆಗಳು ಎಡಗಡೆ, ತಾನು ಕಂಡುಹಿಡಿದ ಉತ್ತರಗಳು ಬಲಗಡೆ. ಸೋಮವಾರ ಬೆಳಿಗ್ಗೆ ಅವನೂ ನಾಲ್ವರು ಗೆಳೆಯರೂ ಮೆಜೆಸ್ಟಿಕ್ಕಿನ ಒಂದು ಹೋಟೆಲಿನಲ್ಲಿ ಕಾಫಿಗೆ ಸೇರಿ, ಒಬ್ಬರ ನೋಟ್‌ಬುಕ್ಕನ್ನು ಇನ್ನೊಬ್ಬರು ಓದುತ್ತಾರಂತೆ. ಅಕ್ಷರ ಮೊದಲಿನಂತೆಯೇ ವಕ್ರ, ಕಾಗುಣಿತದ ತಪ್ಪುಗಳೂ ಹಾಗೆಯೇ ಇದ್ದವು. ತಿದ್ದಲು ಕೈ ತುರಿಸಿತು, ತಿದ್ದಲಿಲ್ಲ.

“ಇದನ್ನು ನಿಮ್ಮ ಸಾಹೇಬರಿಗೆ ತೋರಿಸಿದೆಯೇನಪ್ಪಾ?” ಎಂದು ಕೇಳಿದೆ.

“ಅವರು ಇನ್ನೂ ಕೇಳಿಲ್ಲ ಮೇಷ್ಟ್ರೇ” ಎಂದ.

ಎಡಗಡೆಯಲ್ಲಿದ್ದ ಕೆಲವು ಪ್ರಶ್ನೆಗಳ ಎದುರಿಗೆ ಬಲಗಡೆ ಇನ್ನೂ ಖಾಲಿಯಾಗಿತ್ತು.