ಬಣ್ಣದ ನೀರಿಗೆ ಬಿಸಿಲಿನ ಮದ್ದು

ಹಿಂದೂಪುರದಿಂದ ಧರ್ಮಾವರಂವರೆಗೆ ಎಷ್ಟೋ ಮನೆಗಳಿಗೆ ರೇಷ್ಮೆಯೇ ಅನ್ನ. ಸೀರೆಯ ಕೆಂಪನ್ನೂ ಹಸಿರನ್ನೂ ಮೆಚ್ಚುವ ನಾವು, ನೂಲಿನ ಲಡಿಗಳನ್ನು ಅದ್ದಿ ತೆಗೆದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆಂದು ಕೇಳುವುದು ಅಪರೂಪ. ನೂಲು ಹೀರದೆ ಉಳಿದ ಬಣ್ಣ ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಬಾವಿಗೆ ಇಳಿಯಬಲ್ಲದು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರನ್ನು ಹಾದು ಬರುವ ಉತ್ತರ ಪಿನಾಕಿನಿ ವರ್ಷದ ಬಹುಭಾಗ ಬರಿಯ ಮರಳು. ಇಂಥ ಸೀಮೆಯಲ್ಲಿ, ಹಿಂದೂಪುರವಾಗಲಿ ಕಲ್ಯಾಣದುರ್ಗವಾಗಲಿ, ಇರುವ ನೀರು ಕೆಟ್ಟರೆ ಬದಲಿ ನೀರೆಲ್ಲಿ?

1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕೃತಕ ಬಣ್ಣವನ್ನು ಕಂಡುಹಿಡಿದ ಮೇಲೆ ಗಿಡಮೂಲದ ಬಣ್ಣಗಳು ಹಿಂದೆ ಸರಿದವು. ಒಗೆದರೂ ಬಿಸಿಲಿಗೆ ಹರವಿದರೂ ಮಾಸದಿರುವುದು ಕೃತಕ ಬಣ್ಣಗಳ ಗುಣ. ನೀರಿಗೆ ಸೇರಿದಾಗ ಆ ಗುಣವೇ ದೋಷ. ಬಣ್ಣ ತುಂಬಿದ ಕೆರೆಯೊಳಕ್ಕೆ ಬೆಳಕು ಇಳಿಯದು. ಕೆಲವು ಆಜೋ ಬಣ್ಣಗಳು ಒಡೆದಾಗ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳೂ ಹುಟ್ಟುತ್ತವೆ.

ಸೋಸಿದರೆ ಸಾಲದೆ? ಅತಿ ಸೂಕ್ಷ್ಮ ರಂಧ್ರಗಳ ಪೊರೆಗಳು ಬಣ್ಣವನ್ನು ತಡೆಯಬಲ್ಲವು. ಆದರೆ ತಡೆದ ಬಣ್ಣ ಗಟ್ಟಿ ರೊಚ್ಚಾಗಿ ಉಳಿಯುತ್ತದೆ. ಅಂಗಳದ ಕಸವನ್ನು ಹಿತ್ತಿಲಿಗೆ ಗುಡಿಸಿದಂತಾಯಿತು.

ಬಣ್ಣವನ್ನೇ ನಾಶಮಾಡುವ ದಾರಿಯ ಸುಳಿವು 1972ರಲ್ಲಿ ಜಪಾನಿನಿಂದ ಬಂದಿತು. ಟೈಟಾನಿಯಂ ಡೈಆಕ್ಸೈಡ್ ಬೆಳಕಿನ ಬಲದಿಂದ ನೀರನ್ನೇ ವಿಭಜಿಸಬಲ್ಲದೆಂದು ಫುಜಿಶಿಮಾ ಮತ್ತು ಹೋಂಡಾ ಎಂಬ ವಿಜ್ಞಾನಿಗಳು ತೋರಿಸಿದರು. ಗೋಡೆಯ ಬಿಳಿ ಪೇಂಟಿನಲ್ಲಿರುವುದೂ ಇದೇ ವಸ್ತು. ಇದರ ಮೇಲೆ ನೇರಳಾತೀತ ಕಿರಣ ಬಿದ್ದಾಗ ನೀರು ಮತ್ತು ಆಮ್ಲಜನಕದಿಂದ ಕ್ಷಣಕಾಲ ಬಾಳುವ ಉಗ್ರ ಕಣಗಳು ಹುಟ್ಟಿ ಬಣ್ಣದ ಅಣುಗಳನ್ನು ಸೀಳುತ್ತವೆ. ಕ್ರಿಯೆ ಪೂರ್ಣವಾದರೆ ಇಂಗಾಲದ ಡೈಆಕ್ಸೈಡ್, ನೀರು ಹಾಗೂ ಒಂದಿಷ್ಟು ಲವಣ ಮಾತ್ರ ಉಳಿಯುತ್ತವೆ. ಪುಡಿ ತಾನು ಸವೆಯದು. ಅದು ಕೇವಲ ಕ್ರಿಯಾವರ್ಧಕ.

ನಮ್ಮ ನೆರೆಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮತ್ತು ಅವರ ಸಂಗಡಿಗರು ದಹನ ವಿಧಾನದಿಂದ ಈ ವಸ್ತುವಿನ ಅತಿಸೂಕ್ಷ್ಮ ಪುಡಿಯನ್ನು ತಯಾರಿಸಿ, ಅದು ಬಿಸಿಲಿನಲ್ಲಿಯೇ ಹಲವು ಬಣ್ಣಗಳನ್ನು ಒಡೆಯುವುದನ್ನು 2004ರಲ್ಲಿ ಪ್ರಕಟಿಸಿದರು. ಆದರೆ ನೀರಿಗೆ ಬೆರೆಸಿದ ಪುಡಿಯನ್ನು ಮರಳಿ ಹೆಕ್ಕುವುದು ಕಷ್ಟ. ಆದಕಾರಣ ಅದನ್ನು ಪೊರೆಯ ಮೇಲೆಯೇ ನೆಲೆಗೊಳಿಸುವ ಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ. ಪೊರೆ ಬಣ್ಣವನ್ನು ತಡೆಯುತ್ತದೆ, ಬೆಳಕು ಅದನ್ನು ಅಲ್ಲಿಯೇ ಅಳಿಸುತ್ತದೆ. ರಂಧ್ರ ಕಟ್ಟುವ ಕೊಳೆಯೂ ಕಡಿಮೆಯಾಗುತ್ತದೆ.

ಇದರ ಮಿತಿಗಳನ್ನೂ ನಾವು ಅರಿತಿರಬೇಕು. ಬಿಸಿಲಿನಲ್ಲಿ ನೇರಳಾತೀತ ಭಾಗ ನೂರಕ್ಕೆ ಸುಮಾರು 5 ಮಾತ್ರ. ಗಾಢ ಬಣ್ಣದ ನೀರಿನೊಳಗೆ ಅದೂ ಇಳಿಯದು. ಮೊದಲು ನೀರನ್ನು ತಿಳಿಗೊಳಿಸಬೇಕು. ಪ್ಲಾಸ್ಟಿಕ್ ಪೊರೆಯನ್ನು ಆ ಉಗ್ರ ಕಣಗಳೇ ತಿನ್ನಬಲ್ಲವು. ಸೆರಾಮಿಕ್ ಪೊರೆ ಬಾಳುತ್ತದೆ, ಬೆಲೆ ಹೆಚ್ಚು. ಬಣ್ಣ ಹಾಕುವಾಗ ಬಳಸಿದ ಉಪ್ಪು ನೀರಿನಲ್ಲಿ ಹಾಗೆಯೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಣ್ಣ ಮಾಯವಾದ ಮಾತ್ರಕ್ಕೆ ವಿಷ ಮಾಯವಾಯಿತೆಂದು ತಿಳಿಯಬಾರದು. ಅರ್ಧ ಒಡೆದ ಅಣುಗಳು ಕಣ್ಣಿಗೆ ಕಾಣವು.

ಒಬ್ಬೊಬ್ಬ ಬಣ್ಣಗಾರನಿಂದ ಆಗುವ ಕೆಲಸ ಇದಲ್ಲ. ಒಂದು ಬೀದಿಯವರು ಕೂಡಿ ಒಂದೇ ಶುದ್ಧೀಕರಣ ಘಟಕವನ್ನು ಕೇಳಬಹುದು, ಅಲ್ಲಿಂದ ಹೊರಬರುವ ನೀರನ್ನು ಪರೀಕ್ಷೆ ಮಾಡಿಸಬಹುದು. ಬಿಸಿಲಿಗಂತೂ ನಮ್ಮ ಸೀಮೆಯಲ್ಲಿ ಬರವಿಲ್ಲ.