ರೈಡಿಗೂ ಅವನೇ, ಕಾರ್ನರಿಗೂ ಅವನೇ: ಕಾಲೇಜು ಆಲ್‌ರೌಂಡರ್‌ನನ್ನು ಅಳೆಯುವುದು ಹೇಗೆ?

ಕಾಲೇಜಿನ ಕಬಡ್ಡಿ ತಂಡ ಯಾವುದೇ ಇರಲಿ, ಅದರಲ್ಲಿ ಒಬ್ಬ ಹುಡುಗ ಎದ್ದು ಕಾಣುತ್ತಾನೆ. ರೈಡಿಗೆ ಹೋಗುವವನೂ ಅವನೇ, ವಾಪಸ್ ಬಂದು ಕಾರ್ನರ್‌ನಲ್ಲಿ ನಿಂತು ಎದುರಾಳಿಯ ಕಾಲು ಹಿಡಿಯುವವನೂ ಅವನೇ. ಚಾಮರಾಜನಗರದ ಜಿಲ್ಲಾ ಕ್ರೀಡಾಂಗಣದ ದಸರಾ ಕ್ರೀಡಾಕೂಟವಿರಲಿ, ಗುಂಡ್ಲುಪೇಟೆ, ತೆರಕಣಾಂಬಿ, ಬೇಗೂರು ಕಡೆಯ ಹೊನಲು ಬೆಳಕಿನ ಪಂದ್ಯಾವಳಿಯಿರಲಿ, ಅಂಥವನು ಅಂಕಣಕ್ಕಿಳಿದರೆ ಸುತ್ತ ನಿಂತವರಿಂದ ಒಂದೇ ಮಾತು: "ಇವ್ನು ಪ್ರೊ ಕಬಡ್ಡಿಗೆ ಹೋಗ್ಬೇಕು ಕನಪ್ಪ."

ಹೋಗಬಹುದು. ಆದರೆ ವೃತ್ತಿಪರ ತಂಡದ ಆಯ್ಕೆಗಾರ ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಈ ಹುಡುಗ ಎರಡು ಕೆಲಸ ಮಾಡುತ್ತಿರುವುದು ಎರಡೂ ಬರುತ್ತದೆ ಎಂದೋ, ತಂಡದಲ್ಲಿ ಮಾಡಲು ಬೇರೆ ಯಾರೂ ಇಲ್ಲ ಎಂದೋ? ಸಣ್ಣ ಊರಿನ ಕಾಲೇಜುಗಳಲ್ಲಿ ಎರಡನೆಯ ಕಾರಣವೇ ಹೆಚ್ಚು. ಹನ್ನೆರಡು ಮಂದಿಯ ತಂಡ ಕಟ್ಟಲು ದೈಹಿಕ ಶಿಕ್ಷಣ ನಿರ್ದೇಶಕರು ತರಗತಿಯಿಂದ ತರಗತಿಗೆ ಅಲೆಯಬೇಕಾದ ಕಡೆ, ಚೆನ್ನಾಗಿ ಆಡುವ ಒಬ್ಬನ ಹೆಗಲಿಗೆ ಎಲ್ಲವೂ ಬೀಳುತ್ತದೆ. ಹೀಗೆ ಆಲ್‌ರೌಂಡರ್ ಆದವನನ್ನೂ ನಿಜವಾದ ಆಲ್‌ರೌಂಡರ್‌ನನ್ನೂ ಬೇರೆ ಮಾಡಿ ನೋಡುವುದೇ ಆಯ್ಕೆಯಲ್ಲಿ ಅತಿ ಕಷ್ಟದ ಕೆಲಸ.

ಈ ಕಷ್ಟ ಕಬಡ್ಡಿಗೆ ಮಾತ್ರ ಇರುವುದಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟೈಟ್ ಎಂಡ್ ಎಂಬ ಸ್ಥಾನವಿದೆ. ಆ ಆಟಗಾರ ಓಡಿ ಚೆಂಡು ಹಿಡಿಯಲೂಬೇಕು, ಎದುರಾಳಿಯನ್ನು ಮೈಕೊಟ್ಟು ತಡೆಯಲೂಬೇಕು. ಅಯೋವಾ ವಿಶ್ವವಿದ್ಯಾಲಯಕ್ಕೆ ಆಡಿದಷ್ಟೂ ಕಾಲ ಜಾರ್ಜ್ ಕಿಟಲ್ ಹಿಡಿದ ಪಾಸ್‌ಗಳು ಒಟ್ಟು 48. ಆ ತಂಡ ಟೈಟ್ ಎಂಡ್‌ಗಳನ್ನು ತಡೆಯುವ ಕೆಲಸಕ್ಕೇ ಹೆಚ್ಚು ಬಳಸುತ್ತಿತ್ತು. ಹಾಗಾಗಿ ವೃತ್ತಿಪರ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ 2017ರ ಡ್ರಾಫ್ಟ್‌ನಲ್ಲಿ ಅವನ ಸರದಿ ಬಂದದ್ದು ಐದನೇ ಸುತ್ತಿನಲ್ಲಿ, 146ನೆಯವನಾಗಿ. ಆರಿಸಿಕೊಂಡ ಸ್ಯಾನ್ ಫ್ರಾನ್ಸಿಸ್ಕೋ ತಂಡಕ್ಕೆ ಅವನು 2018ರಲ್ಲಿ ಪಾಸ್ ಹಿಡಿದು ಗಳಿಸಿಕೊಟ್ಟದ್ದು 1,377 ಗಜ. ಆಗ ಅದು ಒಂದೇ ಋತುವಿನಲ್ಲಿ ಟೈಟ್ ಎಂಡ್ ಒಬ್ಬನ ದಾಖಲೆ. ಅಲ್ಲಿ ಕಾಲೇಜಿನ ಅಂಕಿಗಳು ಆಟಗಾರನನ್ನು ಸಣ್ಣದು ಮಾಡಿ ತೋರಿಸಿದ್ದವು. ನಮ್ಮ ಕಾಲೇಜು ಕಬಡ್ಡಿಯಲ್ಲಿ ಅಂಕಿಗಳು ದೊಡ್ಡದು ಮಾಡಿ ತೋರಿಸುತ್ತವೆ. ಎರಡೂ ಕಡೆ ಆಟ ನೋಡದೆ ಬರೀ ಅಂಕಪಟ್ಟಿ ನಂಬಿದವನು ಕೆಡುತ್ತಾನೆ.

ಕಾಲೇಜಿನಿಂದ ಮೇಲಕ್ಕೆ ಹೋಗುವ ದಾರಿ ಹೀಗಿದೆ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಗಮನ ಸೆಳೆದವರು ವಿಶ್ವವಿದ್ಯಾಲಯದ ತಂಡಕ್ಕೆ, ಅಲ್ಲಿಂದ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ, ಗೆದ್ದರೆ ಅಖಿಲ ಭಾರತ ಮಟ್ಟಕ್ಕೆ, ಅದರಾಚೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಹೋಗುತ್ತಾರೆ. ಈ ಕೊನೆಯ ಮೆಟ್ಟಿಲಿಗೆ ನೇರ ಬೆಲೆಯೂ ಇದೆ. 2022ರ ಆಗಸ್ಟ್‌ನಲ್ಲಿ ಮುಂಬೈನಲ್ಲಿ ನಡೆದ ಪ್ರೊ ಕಬಡ್ಡಿ 9ನೇ ಆವೃತ್ತಿಯ ಹರಾಜಿನ ಪಟ್ಟಿಗೆ, ಅದೇ ವರ್ಷ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ಕೂಟದ ಫೈನಲ್ ತಲುಪಿದ ಎರಡು ತಂಡಗಳ 24 ಆಟಗಾರರನ್ನು ಸೇರಿಸಿಕೊಂಡರು. ಇದಲ್ಲದೆ ತಂಡಗಳು ಹರಾಜಿನ ಹೊರಗೆ 'ಹೊಸ ಯುವ ಆಟಗಾರರು' ಎಂಬ ವರ್ಗದಲ್ಲಿ ನೇರವಾಗಿ ಹುಡುಗರನ್ನು ತೆಗೆದುಕೊಳ್ಳುತ್ತವೆ. 2022ರಲ್ಲಿ ಶುರುವಾದ, 23 ವರ್ಷದೊಳಗಿನವರ ಯುವ ಕಬಡ್ಡಿ ಸೀರೀಸ್ ಇನ್ನೊಂದು ಬಾಗಿಲು.

ಚಾಮರಾಜನಗರ ಜಿಲ್ಲೆಯ ಮಟ್ಟಿಗೆ ಒಂದು ಸಂಗತಿ ಗಮನಿಸಬೇಕು. ಮೈಸೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಜಿಲ್ಲೆಗೆ 2023ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು. ಕಾಲೇಜುಗಳು ಕಡಿಮೆಯಿದ್ದಷ್ಟೂ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ ಸಿಗುವುದು ಸುಲಭ, ಆದರೆ ಎದುರಾಳಿಗಳ ಮಟ್ಟವೂ ಅಷ್ಟಕ್ಕಷ್ಟೆ. ಮೈಸೂರಿನ ಗಟ್ಟಿ ತಂಡದೆದುರು ಬಂದ ನಾಲ್ಕು ಅಂಕ, ಸಣ್ಣ ಕೂಟದಲ್ಲಿ ಬಂದ ಹದಿನಾಲ್ಕಕ್ಕಿಂತ ಹೆಚ್ಚು ಹೇಳುತ್ತದೆ.

ಆ ಹದಿನಾಲ್ಕನ್ನೇ ಬಿಡಿಸಿ ನೋಡೋಣ. ಹುಡುಗನೊಬ್ಬ ಒಂದು ಪಂದ್ಯದಲ್ಲಿ 14 ಅಂಕ ತಂದ ಎಂದಿಟ್ಟುಕೊಳ್ಳಿ: ಬೋನಸ್ 5, ಟಚ್ 6, ಟ್ಯಾಕಲ್ 3. ಪತ್ರಿಕೆಗೆ ಕೊಡುವ ವರದಿಯಲ್ಲಿ 'ಆಲ್‌ರೌಂಡ್ ಆಟ' ಎಂದು ಬರುತ್ತದೆ. ಆದರೆ ಆಯ್ಕೆಗಾರ ಅವನು ಎಷ್ಟು ಸಲ ರೈಡಿಗೆ ಹೋದ ಎಂದು ಎಣಿಸಿರುತ್ತಾನೆ. 22 ರೈಡ್‌ಗಳಲ್ಲಿ 10 ಫಲಿಸಿದವು, 6 ಖಾಲಿ ಹೋದವು, 6 ಸಲ ಅವನೇ ಸಿಕ್ಕಿಬಿದ್ದ. ಹಿಡಿಯಲು ಮುನ್ನುಗ್ಗಿದ್ದು 9 ಸಲ, ದಕ್ಕಿದ್ದು 3. ತಪ್ಪಿದ ಆರು ಹಿಡಿತಗಳಲ್ಲಿ ಎದುರು ತಂಡಕ್ಕೆ ಕನಿಷ್ಠ 6 ಅಂಕ ಹೋಯಿತು, ರೈಡಿನಲ್ಲಿ ಸಿಕ್ಕಿಬಿದ್ದುದರಿಂದ ಇನ್ನೂ 6. ತಂದದ್ದರಲ್ಲಿ ಕೊಟ್ಟದ್ದನ್ನು ಕಳೆದರೆ ಉಳಿಯುವುದು 2. ಈ ಹುಡುಗ ಪರವಾಗಿಲ್ಲ ಎನ್ನಬಹುದಾದ ರೈಡರ್, ಆದರೆ ಡಿಫೆಂಡರ್ ಖಂಡಿತ ಅಲ್ಲ.

ಬೋನಸ್ ಅಂಕಗಳನ್ನು ಬೇರೆಯಾಗಿಯೇ ತೂಗಬೇಕು. ಎದುರಿಗೆ ಕನಿಷ್ಠ ಆರು ಮಂದಿ ಇದ್ದಾಗ ಮಾತ್ರ ಸಿಗುವ ಅಂಕವದು. ಕಾರ್ನರ್ ಆಟಗಾರ ಹಿಂದೆ ಸರಿದು ನಿಂತಿದ್ದರೆ ಬೋನಸ್ ಗೆರೆ ದಾಟಿ ಬರುವುದು ಕಷ್ಟವೇನಲ್ಲ. ನಿಜವಾದ ಪರೀಕ್ಷೆ ಡೂ ಆರ್ ಡೈ ರೈಡಿನಲ್ಲಿ. ಸತತ ಎರಡು ರೈಡ್ ಖಾಲಿ ಹೋದ ಮೇಲೆ ಮೂರನೆಯದಕ್ಕೆ ಹೋದವನು ಅಂಕ ತರಲೇಬೇಕು, ಇಲ್ಲದಿದ್ದರೆ ಔಟ್. ಎದುರಿನವರಿಗೂ ಅದು ಗೊತ್ತು, ಕಾದು ನಿಂತಿರುತ್ತಾರೆ. ಆ 30 ಸೆಕೆಂಡುಗಳಲ್ಲಿ ಹುಡುಗ ಯಾರನ್ನು ಗುರಿ ಮಾಡುತ್ತಾನೆ, ಎಷ್ಟು ಹೊತ್ತು ಕಾಯುತ್ತಾನೆ, ಗಾಬರಿಯಿಂದ ಹತ್ತನೇ ಸೆಕೆಂಡಿಗೇ ನುಗ್ಗುತ್ತಾನೋ ಎಂಬುದರಲ್ಲಿ ಅವನ ಆಟದ ಬುದ್ಧಿಯೆಲ್ಲ ಕಾಣುತ್ತದೆ.

ಹಿಡಿತದ ಕಡೆ ಅಂಕಪಟ್ಟಿಗೆ ಸಿಗದ ಕೆಲಸವೇ ಜಾಸ್ತಿ. ಟ್ಯಾಕಲ್ ಅಂಕ ಬರೆಯುವುದು ಒಬ್ಬನ ಹೆಸರಿಗೆ. ಆದರೆ ಕಾರ್ನರ್ ಕಾಲು ಹಿಡಿದಾಗ, ಮೇಲೆ ಬಿದ್ದು ರೈಡರ್‌ನ ಕೈ ಮಧ್ಯಗೆರೆಗೆ ತಾಕದಂತೆ ತಡೆದ ಕವರ್ ಆಟಗಾರನ ಹೆಸರು ಎಲ್ಲೂ ಇರುವುದಿಲ್ಲ. ನನ್ನ ದೃಷ್ಟಿಯಲ್ಲಿ ಆಲ್‌ರೌಂಡರ್‌ನನ್ನು ಗುರುತಿಸಬೇಕಾದದ್ದು ಇಲ್ಲೇ. ಪಕ್ಕದವನು ಹಿಡಿದಾಗ ಇವನು ಎಷ್ಟು ಬೇಗ ತಲುಪುತ್ತಾನೆ? ರೈಡ್ ಮುಗಿಸಿ ಬಂದ ಮರುಕ್ಷಣವೇ ಎದುರಾಳಿ ರೈಡಿಗೆ ಬರುತ್ತಾನಲ್ಲ, ಆಗ ಇವನು ತನ್ನ ಜಾಗದಲ್ಲಿ, ಜೊತೆಗಾರನ ಕೈ ಹಿಡಿದು, ಮೊಣಕಾಲು ಬಗ್ಗಿಸಿ ಸಿದ್ಧನಿರುತ್ತಾನೋ, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿರುತ್ತಾನೋ? 20 ನಿಮಿಷಗಳ ಎರಡು ಅವಧಿಯಲ್ಲಿ ಕೊನೆಯ ಹತ್ತು ನಿಮಿಷ ಅವನೊಬ್ಬನ ಮೇಲೆ ಕಣ್ಣಿಟ್ಟರೆ ಉತ್ತರ ಸಿಗುತ್ತದೆ. ಅಂಕಣದಲ್ಲಿ ಮೂವರೋ ಇಬ್ಬರೋ ಉಳಿದು, ಹಿಡಿದರೆ ಸೂಪರ್ ಟ್ಯಾಕಲ್‌ನ ಎರಡು ಅಂಕ ಬರುವ ಹೊತ್ತಿನಲ್ಲಿ ಇವನು ಸುಮ್ಮನೆ ಕಾಯಬಲ್ಲನೇ ಎಂಬುದನ್ನೂ ನೋಡಬೇಕು. ರೈಡರ್ ಮನಸ್ಸಿನವನಿಗೆ ಕಾಯುವುದೇ ಕಷ್ಟ.

ಕೋಚ್‌ಗೆ ಇನ್ನೊಂದು ಚಿಂತೆ ಇರುತ್ತದೆ. ಕಾರ್ನರ್‌ನಲ್ಲಿ ನಿಲ್ಲುವವನನ್ನೇ ರೈಡಿಗೆ ಕಳಿಸಿ ಅವನು ಔಟಾದರೆ, ಒಬ್ಬ ರೈಡರ್ ಜೊತೆಗೆ ಒಂದು ಮೂಲೆಯೂ ಖಾಲಿಯಾಗುತ್ತದೆ. ಔಟಾದವರು ಔಟಾದ ಕ್ರಮದಲ್ಲೇ ಮರಳಬೇಕು, ಬೇಕಾದವನನ್ನು ಆರಿಸಿ ಒಳಗೆ ಕರೆದುಕೊಳ್ಳುವಂತಿಲ್ಲ. ಆದ್ದರಿಂದ ವೃತ್ತಿಪರ ತಂಡ ಆಲ್‌ರೌಂಡರ್‌ನಿಂದ 22 ರೈಡ್ ಕೇಳುವುದಿಲ್ಲ. ಮುಖ್ಯ ರೈಡರ್‌ಗಳು ಹೊರಗಿದ್ದಾಗ ನಾಲ್ಕೈದು ರೈಡ್ ಹೋಗಿ ಸುರಕ್ಷಿತವಾಗಿ ಬಂದರೆ ಸಾಕು, ಉಳಿದಂತೆ ಒಂದು ಸ್ಥಾನ ಗಟ್ಟಿಯಾಗಿ ಹಿಡಿದು ನಿಲ್ಲಬೇಕು. ಹೀಗೆ ನಿಲ್ಲುವವನಿಗೆ ಏನು ಬೆಲೆ ಎನ್ನುವುದಕ್ಕೆ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಸಾಕ್ಷಿ: ಎಡ ಕಾರ್ನರ್‌ನಲ್ಲಿ ಬೇರೂರಿದ ಆಲ್‌ರೌಂಡರ್, ಸತತ ಮೂರು ಹರಾಜಿನಲ್ಲಿ ಎರಡು ಕೋಟಿ ದಾಟಿದವನು. 2025ರಲ್ಲಿ ಗುಜರಾತ್ ಜೈಂಟ್ಸ್ ಕೊಟ್ಟದ್ದು 2.23 ಕೋಟಿ. ಅದೇ ಹರಾಜಿನ ಕೊನೆಯ ವರ್ಗದ ಮೂಲಬೆಲೆ 9 ಲಕ್ಷ. ಬೆಂಗಳೂರು ಬುಲ್ಸ್‌ನ ಮೊದಲ ವರ್ಷಗಳಲ್ಲಿ ಮಂಜೀತ್ ಚಿಲ್ಲರ್ ಆಡಿದ್ದೂ ಆಲ್‌ರೌಂಡರ್ ಆಗಿಯೇ. ಕರ್ನಾಟಕದ ಬಿ.ಸಿ. ರಮೇಶ್ ತರಬೇತಿಯಲ್ಲಿ ಪುಣೇರಿ ಪಲ್ಟನ್ 10ನೇ ಆವೃತ್ತಿ ಗೆದ್ದಾಗ ತಂಡದ ನಾಯಕ ಅಸ್ಲಂ ಇನಾಮದಾರ್ ಕೂಡ ಆಲ್‌ರೌಂಡರ್.

ದೇಹದ ಲೆಕ್ಕ ಚಿಕ್ಕದು. ಹಿರಿಯ ಪುರುಷರ ವಿಭಾಗದಲ್ಲಿ ತೂಕದ ಮಿತಿ 85 ಕೆ.ಜಿ. ಹತ್ತೊಂಬತ್ತರ ಹುಡುಗ 68 ಕೆ.ಜಿ. ಇದ್ದರೆ ಅದು ದೋಷವಲ್ಲ; ಉದ್ದ ಕೈಕಾಲು, ಅಗಲ ಭುಜ ಇದ್ದರೆ ಸರಿಯಾದ ಊಟ ಮತ್ತು ಕಸರತ್ತಿನಿಂದ ತೂಕ ಬರುತ್ತದೆ. ಆದರೆ ಮಂಡಿ ಮತ್ತು ಭುಜದ ಹಳೆಯ ಪೆಟ್ಟನ್ನು ಮುಚ್ಚಿಡಬಾರದು. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು ಮ್ಯಾಟ್ ಮೇಲೆ ಶೂ ಹಾಕಿ ಆಡಿದಾಗ ಮೊದಮೊದಲು ತಡವರಿಸುತ್ತಾರೆ. ಮಣ್ಣಿನಲ್ಲಿ ಹೆಬ್ಬೆರಳು ಊರಿ ತಿರುಗುವ ರೂಢಿ, ಮ್ಯಾಟ್‌ನಲ್ಲಿ ಹಿಡಿತ ಹೆಚ್ಚಿರುವುದರಿಂದ ಮಂಡಿಗೆ ತಿರುಚು ಬೀಳುತ್ತದೆ. ಬೇಗೂರಿನ ಗದ್ದೆ ಬದಿಯ ಅಂಕಣದ ಆಟವನ್ನು ಮಾತ್ರ ನೋಡಿ ಹುಡುಗನನ್ನು ಬೇಡವೆನ್ನುವುದೂ ತಪ್ಪು, ಬೇಕೆನ್ನುವುದೂ ಅವಸರ. ತಿಂಗಳ ಕಾಲ ಮ್ಯಾಟ್ ಮೇಲೆ ಆಡಿಸಿ ನೋಡಬೇಕು.

ಹುಡುಗಿಯರಿಗೂ ಅಳತೆಗೋಲು ಇದೇ, ಆದರೆ ಬಾಗಿಲು ಇದಲ್ಲ. 2016ರಲ್ಲಿ ಪ್ರೊ ಕಬಡ್ಡಿ ಜೊತೆ ನಡೆದ ಮೂರು ತಂಡಗಳ ಮಹಿಳಾ ಚಾಲೆಂಜ್‌ನಲ್ಲಿ ಎರಡು ತಂಡಗಳ ನಾಯಕಿಯರು ಕರ್ನಾಟಕದವರು, ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ. ಅಂಥ ರಾಜ್ಯದ ಹುಡುಗಿಯರಿಗೆ ಪ್ರೊ ಕಬಡ್ಡಿಯಲ್ಲಿ ಈಗಲೂ ಹರಾಜಿಲ್ಲ ಎಂಬುದು ನನಗೆ ನೋವಿನ ಸಂಗತಿ. ಅವರು ವಿಶ್ವವಿದ್ಯಾಲಯ, ರಾಜ್ಯ ತಂಡದ ದಾರಿಯಲ್ಲೇ ಸಾಗಬೇಕು.

ಕೊನೆಗೆ, ಚಾಮರಾಜನಗರ, ಗುಂಡ್ಲುಪೇಟೆಯ ಕಾಲೇಜುಗಳು ಇಂದೇ ಮಾಡಬಹುದಾದ ಕೆಲಸ. ಮೊಬೈಲನ್ನು ಅಂಕಣದ ಹಿಂದೆ ಎತ್ತರದಲ್ಲಿ ಕಟ್ಟಿ, 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ ಪೂರ್ತಿ ಕಾಣುವಂತೆ ಇಡೀ ಪಂದ್ಯ ಚಿತ್ರೀಕರಿಸಿ. ಗೆದ್ದ ರೈಡ್‌ಗಳನ್ನಷ್ಟೇ ಕತ್ತರಿಸಿ ಅಂಟಿಸಿದ ಎರಡು ನಿಮಿಷದ ವಿಡಿಯೊಗೆ ಹಾಡು ಸೇರಿಸಿ ಕಳಿಸಿದರೆ ಆಯ್ಕೆಗಾರನಿಗೆ ಏನೂ ತಿಳಿಯುವುದಿಲ್ಲ. ಸೋತ ಪಂದ್ಯವೊಂದನ್ನೂ ಕಳಿಸಿ. ಜೊತೆಗೆ ಒಂದು ಹಾಳೆಯಲ್ಲಿ ಹುಟ್ಟಿದ ದಿನಾಂಕ, ತೂಕ, ನಿಲ್ಲುವ ಸ್ಥಾನ, ಹೋದ ರೈಡ್‌ಗಳು, ಸಿಕ್ಕಿಬಿದ್ದ ರೈಡ್‌ಗಳು, ಮುನ್ನುಗ್ಗಿದ ಹಿಡಿತಗಳು, ತಪ್ಪಿದ ಹಿಡಿತಗಳು, ಎದುರಾಳಿ ತಂಡದ ಹೆಸರು ಇಷ್ಟನ್ನೂ ಬರೆಯಿರಿ. ಬೆಂಚಿನ ಮೇಲೆ ಕುಳಿತ ಆಟಗಾರನ ಕೈಗೆ ಪೆನ್ನು ಕೊಟ್ಟರೆ ಈ ಲೆಕ್ಕ ಅವನೇ ಬರೆಯುತ್ತಾನೆ.