ಬಾಣಂತನಕ್ಕೆ ಹೊರಟ ಅಮ್ಮನಿಗೊಂದು ಇ-ಸಿಮ್

ಹಿಂದೆಲ್ಲ ಬಾಣಂತನ ಅಂದರೆ ಮಗಳು ತವರಿಗೆ ಬರುವುದು. ಈಗ ತವರೇ ವಿಮಾನ ಹತ್ತಿ ಮಗಳ ಮನೆಗೆ ಹೋಗುತ್ತದೆ. ಹಾಸನದ ನಮ್ಮ ಬೀದಿಯೊಂದರಿಂದಲೇ ಎರಡು ವರ್ಷದಲ್ಲಿ ಮೂವರು ಅಮ್ಮಂದಿರು ಬಜೆ, ಓಮ, ಸಾರಿನ ಪುಡಿ ಕಟ್ಟಿಕೊಂಡು ಡಲ್ಲಾಸ್, ಲಂಡನ್, ಟೊರಾಂಟೊ ಅಂತ ಹಾರಿದ್ದಾರೆ. ಇಂಥ ಪ್ರಯಾಣದಲ್ಲಿ ವೀಸಾ ಓಡಾಟ ಅಪ್ಪಂದಿರದ್ದು, ಸೂಟ್‌ಕೇಸ್ ತೂಕದ ತಲೆನೋವು ಅಮ್ಮಂದಿರದ್ದು. ‘ಅಲ್ಲಿಗೆ ಹೋದಮೇಲೆ ಫೋನು ಹೇಗೆ?’ ಅನ್ನುವ ಪ್ರಶ್ನೆ ಮಾತ್ರ ನೇರವಾಗಿ ಬಂದು ಬೀಳುವುದು ಮನೆಯಲ್ಲಿ ಬಿ.ಇ. ಓದುತ್ತಿರುವವರ ತಲೆಯ ಮೇಲೆ.

ನಾನು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಐದನೇ ಸೆಮಿಸ್ಟರ್. ‘ಕಮ್ಯುನಿಕೇಷನ್ ಓದ್ತಿದೀಯಲ್ಲ, ನೀನೇ ನೋಡು’ ಎಂದು ಅಪ್ಪ ಕೈತೊಳೆದುಕೊಂಡರು. ಅಕ್ಕ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಜ್ಜಿಯನ್ನು ನೋಡಿಕೊಳ್ಳಲು ಅಪ್ಪ ಊರಲ್ಲೇ ಉಳಿಯಬೇಕು. ಆದ್ದರಿಂದ ಅಮ್ಮ ಒಬ್ಬಳೇ. ಅಲ್ಲಿಯವರೆಗೆ ಅವಳು ಒಬ್ಬಳೇ ಮಾಡಿದ ಅತಿ ದೂರದ ಪ್ರಯಾಣ ಧರ್ಮಸ್ಥಳಕ್ಕೆ! ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ, ಅಲ್ಲಿ ಭಾವ ಬಂದು ರೈಲಿನಲ್ಲಿ ಕರೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ಅಕ್ಕ ಮಾತ್ರ ಫೋನಿನಲ್ಲಿ ಒಂದು ಪ್ರಶ್ನೆ ಎತ್ತಿದಳು. ‘ಆವತ್ತೇ ನನಗೆ ನೋವು ಶುರುವಾದರೆ?’ ಡಾಕ್ಟರ್ ಕೊಟ್ಟ ದಿನಾಂಕಕ್ಕೆ ಇನ್ನೂ ಎರಡು ವಾರ ಇತ್ತು ನಿಜ. ಆದರೆ ಮಗು ಕ್ಯಾಲೆಂಡರ್ ನೋಡಿಕೊಂಡು ಬರುತ್ತದೆಯೇ?

ಅಂದರೆ ನಾನು ಹುಡುಕಬೇಕಿದ್ದದ್ದು ಎರಡೂವರೆ ತಿಂಗಳ ಇಂಟರ್‌ನೆಟ್ ಅಲ್ಲ. ವಿಮಾನ ಇಳಿದ ಮೊದಲ ನಾಲ್ಕು ಗಂಟೆ ಕೈಕೊಡದ ಇಂಟರ್‌ನೆಟ್.

ಮೊದಲು ಈ ಇ-ಸಿಮ್ ಅಂದರೆ ಏನು ಅಂತ ಎರಡು ಮಾತು. ಜಗತ್ತಿನ ಮೊದಲ ಸಿಮ್ ಕಾರ್ಡ್ ತಯಾರಾದದ್ದು 1991ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಆಗ ಅದು ಎಟಿಎಂ ಕಾರ್ಡಿನಷ್ಟು ದೊಡ್ಡದು. ಆಮೇಲೆ ಕತ್ತರಿಸುತ್ತಾ ಕತ್ತರಿಸುತ್ತಾ ಉಗುರಿನಷ್ಟಾಯಿತು. ಇ-ಸಿಮ್‌ನಲ್ಲಿ ಆ ಉಗುರೂ ಇಲ್ಲ. ಫೋನಿನ ಒಳಗೇ ಬೆಸುಗೆ ಹಾಕಿದ ಚಿಪ್ ಇರುತ್ತದೆ, ನಿಮ್ಮ ನಂಬರು ಮತ್ತು ಗುರುತಿನ ವಿವರಗಳು ಇಂಟರ್‌ನೆಟ್ ಮೂಲಕ ಅದರೊಳಗೆ ಇಳಿಯುತ್ತವೆ. ಒಂದೇ ಚಿಪ್‌ನಲ್ಲಿ ಹಲವು ಕಂಪನಿಗಳ ವಿವರ ಇಟ್ಟುಕೊಂಡು, ಬೇಕಾದಾಗ ಬೇಕಾದ್ದನ್ನು ಆನ್ ಮಾಡಬಹುದು. ಊರಿನ ಸಿಮ್ ತೆಗೆಯುವುದೇ ಬೇಡ. ಪಿನ್ ಚುಚ್ಚಿ ಟ್ರೇ ತೆಗೆಯುವಾಗ ಏರ್‌ಪೋರ್ಟ್ ನೆಲದ ಮೇಲೆ ಸಿಮ್ ಬೀಳಿಸಿಕೊಂಡು ಹುಡುಕುವ ಕಷ್ಟವೂ ಇಲ್ಲ.

ನಿಮ್ಮ ಫೋನಿಗೆ ಈ ಸೌಲಭ್ಯ ಇದೆಯೇ ಎಂದು ತಿಳಿಯಲು *#06# ಒತ್ತಿ. ಐಎಂಇಐ ಜೊತೆಗೆ ‘ಇಐಡಿ’ ಎಂಬ 32 ಅಂಕಿಗಳ ಸಂಖ್ಯೆ ಕಂಡರೆ ಸಾಮಾನ್ಯವಾಗಿ ಇದೆ ಅಂತ ಅರ್ಥ. ಅಮ್ಮನ ಫೋನಿನಲ್ಲಿ ಕಾಣಲಿಲ್ಲ. ಅಕ್ಕ ಕಳೆದ ಸಲ ಬಂದಾಗ ನನಗೆ ಕೊಟ್ಟು ಹೋಗಿದ್ದ ಹಳೆಯ ಐಫೋನಿನಲ್ಲಿ ಕಂಡಿತು. ಮುಂದೇನಾಯಿತು ಅಂತ ಹೇಳಬೇಕಿಲ್ಲ. ಐಫೋನ್ ಅಮ್ಮನ ಪಾಲಾಯಿತು. ನಾನು ಈಗ ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ರಿಂಗ್‌ಟೋನ್ ಇರುವ ಫೋನ್ ಹಿಡಿದು ಕಾಲೇಜಿಗೆ ಹೋಗುತ್ತೇನೆ. ವಿದೇಶದಿಂದ ಬಂದ ಹಳೆಯ ಫೋನಾದರೆ ಇನ್ನೊಂದು ಪರೀಕ್ಷೆಯೂ ಬೇಕು. ಕೆಲವು ಫೋನ್‌ಗಳು ಒಂದೇ ಕಂಪನಿಗೆ ಲಾಕ್ ಆಗಿರುತ್ತವೆ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ಪುಟ ತೆರೆದರೆ ‘ಕ್ಯಾರಿಯರ್ ಲಾಕ್’ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿರಬೇಕು. ನಮ್ಮದರಲ್ಲಿ ಹಾಗೇ ಇತ್ತು.

ಈಗ ಆಯ್ಕೆಯ ಸರದಿ. ದಾರಿ ಮೂರು. ನಮ್ಮ ಊರಿನ ಸಿಮ್‌ಗೇ ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಹಾಕಿಸುವುದು ಮೊದಲನೆಯದು. ಇದರಷ್ಟು ಸುಲಭ ಬೇರೆ ಇಲ್ಲ, ಹಳೆಯ ನಂಬರಿಗೇ ಕರೆಯೂ ಬರುತ್ತದೆ. ಎರಡನೆಯದು ಅಲ್ಲಿಗೆ ಹೋಗಿ ಸ್ಥಳೀಯ ಸಿಮ್ ಕೊಳ್ಳುವುದು. ಹೆಚ್ಚು ದಿನ ಇರುವವರಿಗೆ ಒಳ್ಳೆಯದು. ಆದರೆ ಜರ್ಮನಿಯಲ್ಲಿ 2017ರಿಂದ ಪ್ರಿಪೇಯ್ಡ್ ಸಿಮ್‌ಗೂ ಗುರುತಿನ ದಾಖಲೆ ತೋರಿಸಿ ಪರಿಶೀಲನೆ ಮುಗಿಸಬೇಕು. ಭಾಷೆ ಗೊತ್ತಿಲ್ಲದೆ, ರಾತ್ರಿಯೆಲ್ಲ ನಿದ್ದೆಗೆಟ್ಟು ಇಳಿದ ಅಮ್ಮ ಅದನ್ನು ಮಾಡಲಾರಳು. ಮೂರನೆಯದು ಟ್ರಾವೆಲ್ ಇ-ಸಿಮ್. ಏರಾಲೊ, ಹೊಲಾಫ್ಲೈ, ನೊಮಾಡ್, ಸೈಲಿ, ಉಬಿಗಿ ಹೀಗೆ ಹತ್ತಾರು ಹೆಸರು. ಇವರಲ್ಲಿ ಹೆಚ್ಚಿನವರಿಗೆ ಸ್ವಂತ ಟವರ್ ಇಲ್ಲ. ಬೇರೆ ಕಂಪನಿಗಳ ನೆಟ್‌ವರ್ಕನ್ನು ಸಗಟಾಗಿ ಕೊಂಡು ನಮಗೆ ಚಿಲ್ಲರೆಯಾಗಿ ಮಾರುತ್ತಾರೆ. ಆದ್ದರಿಂದ ಆ್ಯಪ್ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಅದರ ಹಿಂದೆ ಯಾರ ಟವರ್ ಇದೆ ಅನ್ನುವುದೇ ಮುಖ್ಯ.

ಕೊಳ್ಳುವ ಮುಂಚೆ ಇನ್ನೊಂದು ವಿಷಯ. ದೂರಸಂಪರ್ಕ ಇಲಾಖೆಯ ಸೂಚನೆಯ ಮೇಲೆ 2024ರ ಜನವರಿಯಲ್ಲಿ ಏರಾಲೊ, ಹೊಲಾಫ್ಲೈ ಆ್ಯಪ್‌ಗಳನ್ನು ಭಾರತದ ಆ್ಯಪ್ ಸ್ಟೋರ್‌ಗಳಿಂದ ತೆಗೆಯಲಾಗಿತ್ತು. ವಿದೇಶಿ ಸಿಮ್‌ಗಳನ್ನು ನಮ್ಮ ದೇಶದಲ್ಲಿ ಮಾರಲು ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಹಾಗಾಗಿ ಇಲ್ಲಿಂದಲೇ ಕೊಳ್ಳುವವರು ಮಾರುವವರಿಗೆ ಅನುಮತಿ ಇದೆಯೇ ಎಂದು ನೋಡಿಕೊಳ್ಳಿ. ನಮಗೆ ಅಕ್ಕ ಅಲ್ಲೇ ಇದ್ದಳು, ಅವಳೇ ಕೊಂಡಳು. ಏನು ಕೊಳ್ಳಬೇಕು ಅನ್ನುವ ಪಟ್ಟಿ ಮಾತ್ರ ನನ್ನದು.

ಪಟ್ಟಿ ಮಾಡುವ ಮೊದಲು ಮನೆಯ ವೈಫೈ ಆಫ್ ಮಾಡಿ, ಒಂದು ವಾರ ಅಮ್ಮನ ಡೇಟಾ ಲೆಕ್ಕ ಹಾಕಿದೆ. ವಿಡಿಯೊ ಕರೆ, ಅಡುಗೆ ವಿಡಿಯೊ, ಸೀರಿಯಲ್ ಎಲ್ಲ ಸೇರಿ ದಿನಕ್ಕೆ ಹೆಚ್ಚುಕಡಿಮೆ ಒಂದು ಜಿಬಿ. ಅದರಲ್ಲಿ ವಾಟ್ಸ್ಆ್ಯಪ್ ಸಂದೇಶ, ಮಾತು, ಮ್ಯಾಪ್ ಇವಿಷ್ಟರದ್ದು ನೂರು ಎಂಬಿ ದಾಟಲಿಲ್ಲ. ಸೀರಿಯಲ್ ಅಕ್ಕನ ಮನೆಯ ವೈಫೈನಲ್ಲಿ ನೋಡಬಹುದು. ದಾರಿಗೆ ಬೇಕಾದದ್ದು ಮಾತು, ಮ್ಯಾಪು ಅಷ್ಟೇ. ಇಷ್ಟು ತಿಳಿದ ಮೇಲೆ ‘ಅನ್‌ಲಿಮಿಟೆಡ್’ ಪ್ಲಾನ್‌ಗಳನ್ನು ಕೈಬಿಟ್ಟೆ. ಅವುಗಳ ಷರತ್ತು ಓದಿದರೆ, ದಿನಕ್ಕೆ ಇಷ್ಟು ಅಂತ ದಾಟಿದ ಮೇಲೆ ವೇಗ ತಗ್ಗಿಸುತ್ತೇವೆ ಎಂದು ಎಷ್ಟೋ ಕಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲವು ಪ್ಲಾನ್‌ಗಳಲ್ಲಿ ಹಾಟ್‌ಸ್ಪಾಟ್‌ಗೂ ಮಿತಿ.

ಎರಡನೆಯ ಸಾಲು, ವ್ಯಾಲಿಡಿಟಿ ಯಾವಾಗ ಶುರು? ಕೆಲವರದ್ದು ಆ ದೇಶದ ನೆಟ್‌ವರ್ಕ್ ಹಿಡಿದ ಕ್ಷಣದಿಂದ, ಕೆಲವರದ್ದು ಫೋನಿಗೆ ಹಾಕಿದ ಕ್ಷಣದಿಂದ. ಏಳು ದಿನದ ಪ್ಲಾನನ್ನು ಹತ್ತು ದಿನ ಮೊದಲೇ ಹಾಸನದಲ್ಲಿ ಹಾಕಿಕೊಂಡರೆ ಎರಡನೇ ಥರದಲ್ಲಿ ಕಥೆ ಮುಗಿಯಿತು. ಮೂರನೆಯದು, ಯಾವ ದೇಶಗಳು? ಐರೋಪ್ಯ ಒಕ್ಕೂಟದೊಳಗೆ 2017ರ ಜೂನ್‌ನಿಂದ ರೋಮಿಂಗ್‌ಗೆ ಹೆಚ್ಚುವರಿ ಶುಲ್ಕ ಇಲ್ಲ ಎಂಬ ನಿಯಮ ಇದೆ. ಆದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಸ್ಟುಟ್‌ಗಾರ್ಟ್‌ನಿಂದ ಒಂದು ದಿನಕ್ಕೆ ಜ್ಯೂರಿಕ್ ನೋಡಿ ಬರೋಣ ಅಂದರೆ ಪಟ್ಟಿಯಲ್ಲಿ ಅದರ ಹೆಸರು ಬೇರೆಯಾಗಿ ಇರಬೇಕು.

ನಾಲ್ಕನೆಯದು ನಮ್ಮ ಸಿಲಬಸ್‌ಗೆ ಹತ್ತಿರದ್ದು. ಎಷ್ಟೋ ಟ್ರಾವೆಲ್ ಇ-ಸಿಮ್‌ಗಳಲ್ಲಿ ನೀವು ಜರ್ಮನಿಯಲ್ಲಿದ್ದರೂ ನಿಮ್ಮ ಡೇಟಾ ಆ ಸಿಮ್‌ನ ‘ತವರು’ ದೇಶಕ್ಕೆ ಹೋಗಿ ಅಲ್ಲಿಂದ ಇಂಟರ್‌ನೆಟ್ ಸೇರುತ್ತದೆ. ತವರು ಸಿಂಗಪುರ ಎಂದಿಟ್ಟುಕೊಳ್ಳಿ. ಫ್ರಾಂಕ್‌ಫರ್ಟ್‌ನಿಂದ ಸುಮಾರು ಹತ್ತು ಸಾವಿರ ಕಿ.ಮೀ. ಫೈಬರ್‌ನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಹೋಗಿ ಬರಲು ಕನಿಷ್ಠ ನೂರು ಮಿಲಿಸೆಕೆಂಡ್. ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಮೆಸೇಜಿಗೆ ಇದು ಲೆಕ್ಕಕ್ಕಿಲ್ಲ. ಮಾತಾಡುವಾಗ ಮಾತ್ರ ‘ಹಲೋ... ಹಲೋ... ನೀನು ಹೇಳು’ ಅನ್ನುವ ಗೊಂದಲಕ್ಕೆ ಇದೂ ಒಂದು ಕಾರಣ. ಹಾಗಾಗಿ ಯುರೋಪಿನ ಒಳಗೇ ಇಂಟರ್‌ನೆಟ್‌ಗೆ ಸೇರುವ, ಜರ್ಮನಿಯಲ್ಲಿ ಒಂದಕ್ಕಿಂತ ಹೆಚ್ಚು ನೆಟ್‌ವರ್ಕ್ ಹಿಡಿಯುವ ಸಿಮ್ ಬೇಕು ಎಂದು ಬರೆದುಕೊಂಡೆ.

ಕೊನೆಗೆ ಮೂರು ಕಂಪನಿ ಉಳಿದವು. ಬೆಲೆಯಲ್ಲಿ ದೊಡ್ಡ ಅಂತರ ಇರಲಿಲ್ಲ. ರಾತ್ರಿ ಹತ್ತಕ್ಕೆ ಮೂರಕ್ಕೂ ಒಂದೇ ಪ್ರಶ್ನೆ ಕಳಿಸಿದೆ. ‘ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಸಿಗ್ನಲ್ ಬರದಿದ್ದರೆ ನನ್ನ ತಾಯಿ ಏನು ಮಾಡಬೇಕು?’ ಒಂದರಿಂದ ಎರಡು ದಿನವಾದರೂ ಉತ್ತರ ಇಲ್ಲ. ಇನ್ನೊಂದರ ರೋಬೋಟ್ ಅದೇ ನಾಲ್ಕು ಲಿಂಕ್‌ಗಳನ್ನು ಮತ್ತೆ ಮತ್ತೆ ಕಳಿಸಿತು. ಮೂರನೆಯದರಲ್ಲಿ ಕೆಲವೇ ನಿಮಿಷದಲ್ಲಿ ಒಬ್ಬ ಮನುಷ್ಯ ಸಿಕ್ಕಿದ. ‘ಇ-ಸಿಮ್‌ನ ಡೇಟಾ ರೋಮಿಂಗ್ ಆನ್ ಇದೆಯೇ ನೋಡಿ, ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ಆಗದಿದ್ದರೆ ನೆಟ್‌ವರ್ಕನ್ನು ಕೈಯಿಂದ ಆರಿಸಿ’ ಎಂದು ಸಾಲಾಗಿ ಬರೆದ. ಅದನ್ನೇ ಕೊಂಡೆವು. ಮೂರು ಜಿಬಿ, ಮೂವತ್ತು ದಿನ. ಹೆಸರು ಹೇಳಿದರೆ ಜಾಹೀರಾತಾಗುತ್ತದೆ, ಬಿಡಿ.

ಹೊರಡುವ ಎರಡು ದಿನ ಮೊದಲು, ಮನೆಯ ವೈಫೈನಲ್ಲೇ ಇನ್‌ಸ್ಟಾಲ್ ಮಾಡಿದೆ. ಇ-ಸಿಮ್ ಇಳಿಸಲು ಇಂಟರ್‌ನೆಟ್ ಬೇಕು, ಆದ್ದರಿಂದ ಇದು ಮನೆಯಲ್ಲಿ ಮುಗಿಯಬೇಕಾದ ಕೆಲಸ. ಬಹುತೇಕ ಕ್ಯೂಆರ್ ಕೋಡ್‌ಗಳು ಒಂದೇ ಸಲ ಕೆಲಸ ಮಾಡುತ್ತವೆ. ಒಮ್ಮೆ ಹಾಕಿದ ಇ-ಸಿಮ್ ಅನ್ನು ಅಳಿಸಲೇಬಾರದು. ಫೋನಿನಲ್ಲಿ ಎರಡು ಸಿಮ್‌ಗೂ ಹೆಸರು ಕೊಡಬಹುದು. ಒಂದಕ್ಕೆ ‘ಊರು’, ಇನ್ನೊಂದಕ್ಕೆ ‘ಜರ್ಮನಿ’ ಎಂದಿಟ್ಟೆ. ‘ಜರ್ಮನಿ’ಗೆ ಡೇಟಾ ರೋಮಿಂಗ್ ಆನ್, ‘ಊರು’ ಸಿಮ್‌ಗೆ ಆಫ್. ತಾನೇ ಡೇಟಾ ಬದಲಿಸಿಕೊಳ್ಳುವ ಸ್ವಿಚ್ಚೂ ಆಫ್, ಇಲ್ಲದಿದ್ದರೆ ಫೋನು ಜಾಣತನ ತೋರಿಸಲು ಹೋಗಿ ಊರಿನ ಸಿಮ್‌ನಲ್ಲಿ ಡೇಟಾ ಸುರಿದೀತು. ಬ್ಯಾಂಕ್ ಒಟಿಪಿಗಾಗಿ ಊರಿನ ಸಿಮ್ ಚಾಲೂ ಇರಲೇಬೇಕು. ಅದಕ್ಕೆ ರೋಮಿಂಗ್ ಸೌಲಭ್ಯ ಆನ್ ಇದೆಯೇ, ಎಸ್ಎಂಎಸ್ ಉಚಿತವೇ ಎಂದು ನಮ್ಮ ಸಿಮ್ ಕಂಪನಿಯಲ್ಲಿ ಕೇಳಿ ಖಚಿತ ಮಾಡಿಕೊಂಡೆವು. ಆ ನಂಬರಿಗೆ ಬಂದ ಕರೆ ಎತ್ತಿದರೆ ಮಾತ್ರ ನಿಮಿಷದ ಲೆಕ್ಕದಲ್ಲಿ ದುಡ್ಡು. ‘ಅಮ್ಮನಿಗೆ ವಾಟ್ಸ್ಆ್ಯಪ್‌ನಲ್ಲೇ ಕರೆ ಮಾಡಿ’ ಎಂದು ನೆಂಟರ ಗ್ರೂಪಿನಲ್ಲಿ ಮೂರು ಸಲ ಹಾಕಿದೆ. ವಾಟ್ಸ್ಆ್ಯಪ್ ಹಳೆಯ ನಂಬರಿನಲ್ಲೇ ನಡೆಯುತ್ತದೆ. ನಂಬರ್ ಬದಲಿಸಲೇ ಎಂದು ಅದು ಕೇಳಿದರೆ ‘ಬೇಡ’ ಅನ್ನಬೇಕು. ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಅಮ್ಮನ ಪಾಸ್‌ಪೋರ್ಟ್ ಕವರಿನಲ್ಲಿಟ್ಟೆ.

ಅಕ್ಕ ಹೆದರಿದ್ದೇ ಆಯಿತು. ಅಮ್ಮನ ವಿಮಾನ ಆಕಾಶದಲ್ಲಿದ್ದಾಗಲೇ ಅವಳಿಗೆ ನೋವು ಶುರುವಾಯಿತು. ಭಾವ ಆಸ್ಪತ್ರೆಯಿಂದಲೇ ರೈಲು ಟಿಕೆಟ್ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದರು. ವಿಮಾನ ಇಳಿದು ಹತ್ತು ನಿಮಿಷವಾದರೂ ಅಮ್ಮನ ಕಡೆಯಿಂದ ಸುದ್ದಿ ಇಲ್ಲ. ಇಲ್ಲಿ ಅಪ್ಪ ದೇವರ ಮನೆಗೂ ನನ್ನ ಕೋಣೆಗೂ ಓಡಾಡುತ್ತಿದ್ದರು. ಆಮೇಲೆ ಒಂದೇ ಸಾಲು ಬಂತು. ‘ಚೀಟಿ ನೋಡಿ ಏರೋಪ್ಲೇನ್ ಹಾಕಿ ತೆಗೆದೆ, ಬಂತು.’

ಆಮೇಲಿನದ್ದೆಲ್ಲ ಮಾತಿನಲ್ಲೇ ನಡೆಯಿತು. ಇಮಿಗ್ರೇಷನ್ ಮುಗಿಯುವಷ್ಟರಲ್ಲಿ ಭಾವ ಹಾಕಿದ್ದ ಟಿಕೆಟ್ ಅಮ್ಮನ ಫೋನಿನಲ್ಲಿತ್ತು. ಏರ್‌ಪೋರ್ಟ್‌ನಲ್ಲಿ ಎರಡು ರೈಲು ನಿಲ್ದಾಣಗಳಿವೆ, ಸ್ಥಳೀಯ ರೈಲಿನದ್ದು ಬೇರೆ, ದೂರದ ರೈಲಿನದ್ದು ಬೇರೆ. ‘ಫೆರ್ನ್‌ಬಾನ್‌ಹೋಫ್’ ಎಂಬ ಬೋರ್ಡಿನ ಫೋಟೊ ಕಳಿಸಿ ‘ಇದೇನಾ?’ ಎಂದಳು. ಜರ್ಮನ್ ರೈಲ್ವೆಯ ಆ್ಯಪ್ ನಾನು ಹಾಸನದಲ್ಲೇ ತೆರೆದುಕೊಂಡು ಕೂತಿದ್ದೆ. ಪ್ಲಾಟ್‌ಫಾರ್ಮ್ ಬದಲಾದದ್ದು ಅದರಲ್ಲಿ ಕಂಡಿತು, ಅಮ್ಮನಿಗೆ ಹೇಳಿದೆ, ಅವಳು ಸೂಟ್‌ಕೇಸ್ ಎಳೆದುಕೊಂಡು ಆ ಕಡೆ ನಡೆದಳು. ರೈಲು ಮ್ಯಾನ್‌ಹೈಮ್ ದಾಟುವುದನ್ನು ಲೈವ್ ಲೊಕೇಷನ್‌ನಲ್ಲಿ ಅಪ್ಪನೂ ನಾನೂ ನೋಡಿದೆವು. ಆಚೆಗೆ ಸುರಂಗಗಳು, ಚುಕ್ಕಿ ಆಗಾಗ ನಿಂತುಬಿಡುತ್ತಿತ್ತು, ಅಪ್ಪನ ಉಸಿರೂ. ಸ್ಟುಟ್‌ಗಾರ್ಟ್‌ನಲ್ಲಿ ಭಾವನ ಸಹೋದ್ಯೋಗಿಯೊಬ್ಬರು, ಹುಬ್ಬಳ್ಳಿಯವರು, ಕಾದಿದ್ದರು. ಸಂಜೆ ಹೊತ್ತಿಗೆ ಸೊಸೆ ಹುಟ್ಟಿದಳು. ಅಂದು ಅಮ್ಮ ಬಳಸಿದ ಡೇಟಾ 310 ಎಂಬಿ. ಅದರಲ್ಲಿ ಅರ್ಧ ಮಗುವಿನ ಫೋಟೊ!

ಮೂರು ಜಿಬಿ ಒಂದು ತಿಂಗಳು ಪೂರ್ತಿ ಬಂತು. ಆಮೇಲೆ ಅಕ್ಕ ಪಾಸ್‌ಪೋರ್ಟ್ ತೋರಿಸಿ ಅಮ್ಮನಿಗೆ ಅಲ್ಲಿನದೇ ಪ್ರಿಪೇಯ್ಡ್ ಸಿಮ್ ಕೊಡಿಸಿದಳು. ಹೆಚ್ಚು ದಿನ ಉಳಿಯುವವರಿಗೆ ಮೊದಲ ವಾರಗಳಿಗೆ ಇ-ಸಿಮ್, ನಂತರಕ್ಕೆ ಸ್ಥಳೀಯ ಸಿಮ್ ಅನ್ನುವ ಲೆಕ್ಕ ನಮಗಂತೂ ಸರಿಹೋಯಿತು.

ಮುಂದಿನ ತಿಂಗಳು ಬೀದಿಯ ಕೊನೆಮನೆಯ ಆಂಟಿ ಡಲ್ಲಾಸ್‌ಗೆ ಹೊರಟಿದ್ದಾರೆ. ಮೊನ್ನೆ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. *#06# ಒತ್ತಿಸಿದೆ, ಇಐಡಿ ಬರಲಿಲ್ಲ. ಹದಿನೈದು ದಿನದ ಪ್ರಯಾಣ, ಕರೆದೊಯ್ಯಲು ಮಗಳೇ ಏರ್‌ಪೋರ್ಟ್‌ಗೆ ಬರುತ್ತಾಳೆ. ‘ನಿಮಗೆ ಇ-ಸಿಮ್ ಬೇಡ ಆಂಟಿ, ಇದ್ದ ಸಿಮ್‌ಗೇ ರೋಮಿಂಗ್ ಪ್ಯಾಕ್ ಹಾಕಿಸಿ ಸಾಕು, ಹೊಸ ಫೋನೂ ಬೇಡ’ ಎಂದೆ. ಆಂಟಿಗೆ ನಿರಾಳವಾಯಿತು. ಅವರ ಮಗ ಮಾತ್ರ ನನ್ನನ್ನು ದುರುಗುಟ್ಟಿ ನೋಡಿದ. ಹೊಸದು ಬಂದರೆ ಹಳೆಯದು ಅವನಿಗೆ ಅಂತ ಮಾತಾಗಿತ್ತಂತೆ.